ಹಳೆ ಟಿವಿಯ ಬೆನ್ನು ತಿರುಗಿಸಿ ನೋಡಿದರೆ

ಸ್ಟ್ರೀಮಿಂಗ್ ಸ್ಟಿಕ್ ಎಂದರೆ ಪರದೆಯಿಲ್ಲದ ಪುಟ್ಟ ಕಂಪ್ಯೂಟರು. ಮನೆಯ ವೈಫೈ ಮೂಲಕ ಸಿನಿಮಾವನ್ನೋ ಧಾರಾವಾಹಿಯನ್ನೋ ಕ್ರಿಕೆಟ್ಟನ್ನೋ ಇಳಿಸಿಕೊಂಡು, ಗಂಟು ಬಿಚ್ಚಿ, ಚಿತ್ರ ಮತ್ತು ಧ್ವನಿಯಾಗಿ ಟಿವಿಗೆ ದಾಟಿಸುವುದಷ್ಟೇ ಅದರ ಕೆಲಸ. ಬಾಕ್ಸ್ ರೂಪದಲ್ಲಿ ಬರುವ ಸಾಧನಗಳದ್ದೂ ಇದೇ ಕೆಲಸ. ಗಾತ್ರ ಮಾತ್ರ ಬೇರೆ. ಇಲ್ಲಿ ಟಿವಿಯದು ಬರೀ ಪರದೆ ಮತ್ತು ಸ್ಪೀಕರಿನ ಪಾತ್ರ. ಅದಕ್ಕೆ ಇಂಟರ್ನೆಟ್ಟು ಗೊತ್ತಿರಬೇಕಾಗಿಲ್ಲ, ಆ್ಯಪ್ ಎಂದರೇನೆಂದು ತಿಳಿದಿರಬೇಕಾಗಿಲ್ಲ. ಸ್ಟಿಕ್ ಕೊಟ್ಟಿದ್ದನ್ನು ತೆಗೆದುಕೊಳ್ಳಲು ತಕ್ಕ ತೂತೊಂದು ಇದ್ದರೆ ಸಾಕು. ಹಾಗಾಗಿ ಹಳೆ ಟಿವಿಯ ವಿಷಯದಲ್ಲಿ ಕೇಳಬೇಕಾದದ್ದು ಅದಕ್ಕೆಷ್ಟು ವಯಸ್ಸಾಯಿತು ಎಂದಲ್ಲ, ಅದರ ಬೆನ್ನಿನಲ್ಲಿ ಏನೇನಿದೆ ಎಂದು.

ಟಿವಿಯನ್ನು ಗೋಡೆಯಿಂದ ಸರಿಸಿ, ಧೂಳು ಒರೆಸಿ, ಟಾರ್ಚ್ ಬಿಟ್ಟು ನೋಡಿದರೆ ಸಾಮಾನ್ಯವಾಗಿ ನಾಲ್ಕು ಬಗೆಯ ತೂತುಗಳು ಕಾಣುತ್ತವೆ. ಒಂದು, ಚಪ್ಪಟೆಯಾಗಿ, ಕೆಳಗಿನ ಎರಡು ಮೂಲೆ ಕತ್ತರಿಸಿದಂತಿರುವ ಎಚ್‌ಡಿಎಂಐ. ಎರಡು, ಹಳದಿ, ಬಿಳಿ, ಕೆಂಪು ಬಣ್ಣದ ದುಂಡನೆಯ ಎವಿ ತೂತುಗಳು. ಮೂರು, ಅದೇ ಆಕಾರದ, ಆದರೆ ಹಸಿರು, ನೀಲಿ, ಕೆಂಪು ಬಣ್ಣದ ಕಾಂಪೊನೆಂಟ್ ತೂತುಗಳು. ಇಲ್ಲಿಯೂ ಒಂದು ಕೆಂಪು ಇರುವುದರಿಂದ ಎಷ್ಟೋ ಮಂದಿ ಚಿತ್ರದ ಕೆಂಪಿಗೆ ಧ್ವನಿಯ ಕೆಂಪು ಪಿನ್ನು ಚುಚ್ಚಿ ತಲೆ ಕೆರೆದುಕೊಳ್ಳುತ್ತಾರೆ. ನಾಲ್ಕನೆಯದು ಆ್ಯಂಟೆನಾ ವೈರಿನದು. ತೀರಾ ಹಳೆಯ ಪೆಟ್ಟಿಗೆ ಟಿವಿಗಳಲ್ಲಿ ಅದೊಂದೇ ಇರುತ್ತದೆ.

ಎಚ್‌ಡಿಎಂಐ ಇದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಹಿಟಾಚಿ, ಸೋನಿ, ಫಿಲಿಪ್ಸ್, ತೋಶಿಬಾ ಮುಂತಾದ ಕಂಪನಿಗಳು ಸೇರಿ 2002ರ ಡಿಸೆಂಬರಿನಲ್ಲಿ ಈ ಸಂಪರ್ಕದ ಮೊದಲ ಮಾನದಂಡವನ್ನು ಹೊರತಂದವು. ನಂತರದ ಕೆಲವೇ ವರ್ಷಗಳಲ್ಲಿ ತೆಳು ಟಿವಿಗಳಲ್ಲೆಲ್ಲ ಅದು ಸೇರಿಕೊಂಡಿತು. ಹದಿನೈದು ವರ್ಷದ ಹಿಂದೆ ಸಾಲ ಮಾಡಿ ಕೊಂಡ ಎಲ್‌ಸಿಡಿ ಟಿವಿಯಲ್ಲಿಯೂ ಒಂದಾದರೂ ಎಚ್‌ಡಿಎಂಐ ತೂತು ಇರುವ ಸಾಧ್ಯತೆಯೇ ಹೆಚ್ಚು. ಹೊಸ ಮಾನದಂಡಗಳು ಹಳೆಯವನ್ನು ಕೈಬಿಡದಂತೆ ರೂಪಿಸಿರುವುದರಿಂದ ಇವತ್ತಿನ ಸ್ಟಿಕ್ಕನ್ನು ಅದರಲ್ಲಿ ಚುಚ್ಚಬಹುದು. ಫೋರ್‌ಕೆ ಸ್ಟಿಕ್ಕೂ ನಡೆಯುತ್ತದೆ, ಆದರೆ ಚಿತ್ರ ಟಿವಿಯ ಮಟ್ಟಕ್ಕೇ ಇಳಿಯುತ್ತದೆ. ಆ ಹೆಚ್ಚುವರಿ ಹಣ ಜೇಬಿನಲ್ಲೇ ಇರಲಿ.

ಸ್ಟಿಕ್ಕನ್ನು ಚುಚ್ಚಿದ ಕೂಡಲೇ ಎರಡರ ನಡುವೆ ಒಂದು ಪರಿಚಯ ಮಾತುಕತೆ ನಡೆಯುತ್ತದೆ. ತಾನು ಯಾವ ಯಾವ ಅಳತೆಯ ಚಿತ್ರ ತೋರಿಸಬಲ್ಲೆ ಎಂಬ ಪಟ್ಟಿಯನ್ನು ಟಿವಿ ಒಪ್ಪಿಸುತ್ತದೆ. ಸ್ಟಿಕ್ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಹಳೆ ಟಿವಿಗಳಲ್ಲಿ ಈ ಮಾತುಕತೆ ಒಮ್ಮೊಮ್ಮೆ ಕೆಡುತ್ತದೆ. ಪರದೆ ಕಪ್ಪಾಗಿಯೇ ಇರುತ್ತದೆ, ಇಲ್ಲವೇ ‘ನೋ ಸಿಗ್ನಲ್’ ಎಂಬ ಬರಹ ತೇಲುತ್ತದೆ. ಎರಡನ್ನೂ ಆಫ್ ಮಾಡಿ, ಪ್ಲಗ್ಗು ಕಿತ್ತು, ಒಂದು ನಿಮಿಷ ಬಿಟ್ಟು ಮೊದಲು ಟಿವಿ, ಆಮೇಲೆ ಸ್ಟಿಕ್ ಹಚ್ಚುವುದು ಮೊದಲ ಮದ್ದು. ಅಮೆಜಾನಿನ ಫೈರ್ ಟಿವಿ ಸ್ಟಿಕ್ಕಿನಲ್ಲಿ ಇನ್ನೊಂದು ದಾರಿಯಿದೆ: ರಿಮೋಟಿನ ಮೇಲಿನ ಬಾಣ ಮತ್ತು ಹಿಂದೋಡಿಸುವ ಗುಂಡಿ ಎರಡನ್ನೂ ಒಟ್ಟಿಗೆ ಹತ್ತು ಸೆಕೆಂಡು ಒತ್ತಿ ಹಿಡಿದರೆ ಅದು ಒಂದೊಂದೇ ಅಳತೆಯನ್ನು ಬದಲಿಸುತ್ತ ಹೋಗುತ್ತದೆ. ಚಿತ್ರ ಮೂಡಿದಲ್ಲಿ ಒಪ್ಪಿಕೊಂಡರಾಯಿತು.

ಚಿತ್ರ ಬಂದ ಮೇಲೂ ಅಂಚುಗಳು ಕತ್ತರಿಸಿದಂತೆ ಕಾಣುವುದುಂಟು. ಸುದ್ದಿ ವಾಹಿನಿಯ ಕೆಳಗಿನ ಪಟ್ಟಿ ಅರ್ಧ ಮುಳುಗಿರುತ್ತದೆ, ಮೆನುವಿನ ಎಡಗಡೆಯ ಅಕ್ಷರಗಳು ನಾಪತ್ತೆಯಾಗಿರುತ್ತವೆ. ಇದು ಕೆಟ್ಟದ್ದಲ್ಲ, ಹಳೆಯ ಚಾಳಿ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಅಂಚಿನ ಕೊಳಕು ಕಾಣದಿರಲೆಂದು ಚಿತ್ರವನ್ನು ಪರದೆಗಿಂತ ತುಸು ದೊಡ್ಡದಾಗಿ ಹಿಗ್ಗಿಸುತ್ತಿದ್ದರು. ಟ್ಯೂಬು ಹೋದ ಮೇಲೂ ತೆಳು ಟಿವಿಗಳು ಆ ಅಭ್ಯಾಸವನ್ನು ಬಿಡಲಿಲ್ಲ. ಟಿವಿಯ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಇಂಥ ಹೆಸರಿನ ಆಯ್ಕೆಯೊಂದು ಇರುತ್ತದೆ. ಇಲ್ಲದಿದ್ದರೆ ಸ್ಟಿಕ್ಕಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ನಾಲ್ಕು ಮೂಲೆಯ ಬಾಣಗಳು ಪೂರ್ತಿ ಕಾಣುವವರೆಗೆ ಚಿತ್ರವನ್ನು ಕುಗ್ಗಿಸಬಹುದು.

ಚಿತ್ರವಿದೆ, ಧ್ವನಿ ಇಲ್ಲ ಎಂಬ ದೂರೂ ಹಳೆ ಟಿವಿಗಳದ್ದೇ. ಕೆಲವು ಆ್ಯಪ್‌ಗಳು ಡಾಲ್ಬಿ ರೂಪದ ಧ್ವನಿ ಕಳಿಸುತ್ತವೆ; ಅದನ್ನು ಬಿಡಿಸಲು ಬಾರದ ಟಿವಿ ಮೌನವಾಗಿರುತ್ತದೆ. ಯೂಟ್ಯೂಬಿನಲ್ಲಿ ಹಾಡು ಕೇಳಿಸಿ, ಸಿನಿಮಾ ಹಚ್ಚಿದಾಗ ಮಾತ್ರ ಬಾಯಿ ಮುಚ್ಚಿದರೆ ಕಾರಣ ಬಹುತೇಕ ಇದೇ. ಸ್ಟಿಕ್ಕಿನ ಸೌಂಡ್ ಸೆಟ್ಟಿಂಗಿನಲ್ಲಿ ‘ಪಿಸಿಎಂ’ ಅಥವಾ ‘ಸ್ಟೀರಿಯೊ’ ಆರಿಸಿದರೆ ಬಾಯಿ ಬರುತ್ತದೆ.

ಇನ್ನು ಕರೆಂಟು. ಸ್ಟಿಕ್ಕು ಟಿವಿಯೊಳಗೇ ಹೊಕ್ಕು ಕೂತಿರುವುದರಿಂದ ಅಲ್ಲಿಂದಲೇ ಕರೆಂಟು ಸಿಗುತ್ತದೆ ಎಂಬ ಭಾವನೆ ಬರುತ್ತದೆ. ಆದರೆ ಟಿವಿಯ ಎಚ್‌ಡಿಎಂಐ ತೂತು ಸ್ಟಿಕ್ಕಿಗೆ ಕರೆಂಟು ಕೊಡುವಂಥದಲ್ಲ. ಅದೊಂದನ್ನೇ ನೆಚ್ಚಿದರೆ ಸ್ಟಿಕ್ ಏಳುವುದೇ ಇಲ್ಲ. ಪಕ್ಕದ ಯುಎಸ್‌ಬಿ ತೂತಿನಿಂದ ಎಳೆದುಕೊಳ್ಳೋಣವೆಂದರೆ ಹಳೆ ಟಿವಿಗಳ ಯುಎಸ್‌ಬಿ ಕೊಡುವುದು 500 ಮಿಲಿಆಂಪಿಯರ್. ಜೊತೆಗೆ ಬಂದ ಅಡಾಪ್ಟರಿನ ಮೈಮೇಲೆ ಸಾಮಾನ್ಯವಾಗಿ 1 ಆಂಪಿಯರ್ ಎಂದು ಬರೆದಿರುತ್ತದೆ, ಅಂದರೆ ಅದರ ಎರಡರಷ್ಟು. ಅರೆಹೊಟ್ಟೆಯ ಸ್ಟಿಕ್ಕು ಮೆನು ತೋರಿಸುತ್ತದೆ, ಸಿನಿಮಾ ಶುರುವಾದ ಹತ್ತು ನಿಮಿಷಕ್ಕೆ ತಾನೇ ಆಫ್ ಆಗಿ ಮತ್ತೆ ಏಳುತ್ತದೆ. ಜನ ವೈಫೈಯನ್ನು ಬಯ್ಯುತ್ತಾರೆ. ಟಿವಿ ಆಫ್ ಮಾಡಿದಾಗಲೆಲ್ಲ ಯುಎಸ್‌ಬಿಯ ಕರೆಂಟೂ ಹೋಗುವುದರಿಂದ ಪ್ರತಿ ಸಲ ಸ್ಟಿಕ್ ಮೊದಲಿನಿಂದ ಏಳಬೇಕಾಗುತ್ತದೆ, ಅದು ಬೇರೆ. ಗೋಡೆಯ ಪ್ಲಗ್ಗಿಗೆ ಅದರದೇ ಅಡಾಪ್ಟರ್ ಹಚ್ಚುವುದು ಸರಿಯಾದ ಕ್ರಮ. ಪೊಟ್ಟಣದಲ್ಲಿ ಗೇಣುದ್ದದ ಎಚ್‌ಡಿಎಂಐ ತುಂಡು ವೈರು ಇದ್ದರೆ ಅದನ್ನೂ ಬಳಸಬೇಕು. ಸ್ಟಿಕ್ಕು ಟಿವಿಯ ಬಿಸಿಯಿಂದ ಸ್ವಲ್ಪ ದೂರವಾಗುತ್ತದೆ, ವೈಫೈಯೂ ಚೆನ್ನಾಗಿ ಹಿಡಿಯುತ್ತದೆ.

ಹಳೆ ‘ಸ್ಮಾರ್ಟ್’ ಟಿವಿಗಳದ್ದು ಪ್ರತ್ಯೇಕ ಕತೆ. ಪರದೆ ಇನ್ನೂ ಗಟ್ಟಿಯಾಗಿರುತ್ತದೆ, ಒಳಗಿನ ಆ್ಯಪ್‌ಗಳು ಮಾತ್ರ ಒಂದೊಂದಾಗಿ ಕಣ್ಣು ಮುಚ್ಚುತ್ತವೆ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿದಾಗ 2012ರ ಸುಮಾರಿಗೋ ಅದಕ್ಕೂ ಮುಂಚೆಯೋ ಬಂದ ಹಲವು ಟಿವಿಗಳಲ್ಲಿ ಆ ಆ್ಯಪ್ ಕೆಲಸ ಬಿಟ್ಟಿತು. 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಕೂಡ 2010–11ರ ಕೆಲವು ಸ್ಯಾಮ್‌ಸಂಗ್ ಟಿವಿಗಳನ್ನು ಕೈಬಿಟ್ಟಿತು. ಟಿವಿ ಹದಿನೈದು ವರ್ಷ ಬಾಳುತ್ತದೆ, ಅದರೊಳಗಿನ ತಂತ್ರಾಂಶಕ್ಕೆ ಕಂಪನಿ ನಾಲ್ಕೈದು ವರ್ಷ ಗಮನ ಕೊಟ್ಟರೆ ಅದೇ ದೊಡ್ಡದು. ಇಂಥ ಟಿವಿಗೆ ಸ್ಟಿಕ್ಕಿಗಿಂತ ಒಳ್ಳೆಯ ಸಂಗಾತಿಯಿಲ್ಲ. ಮಿದುಳು ಹೊರಗಿದ್ದರೆ ಹಳತಾದಾಗ ಅದನ್ನಷ್ಟೇ ಬದಲಿಸಬಹುದು.

ನಿಜವಾದ ಸರ್ಕಸ್ಸು ಶುರುವಾಗುವುದು ಎಚ್‌ಡಿಎಂಐ ಇಲ್ಲದ ಪೆಟ್ಟಿಗೆ ಟಿವಿಯಲ್ಲಿ. ಹಳದಿ, ಬಿಳಿ, ಕೆಂಪು ಪಿನ್ನುಗಳು ಕರ್ನಾಟಕದ ಮನೆಗಳಿಗೆ ಹೊಸತಲ್ಲ. ವಿಸಿಡಿ ಪ್ಲೇಯರಿನ ಕಾಲದಲ್ಲೇ ಅವು ಬಂದಿದ್ದವು. ಕೇಬಲ್ ಡಿಜಿಟಲೀಕರಣದ ಎರಡನೇ ಹಂತದ ಗಡುವು 2013ರ ಮಾರ್ಚ್ 31ಕ್ಕೆ ಬಿದ್ದು, ಬೆಂಗಳೂರು, ಮೈಸೂರುಗಳ ಮನೆ ಮನೆಗೂ ಸೆಟ್ ಟಾಪ್ ಬಾಕ್ಸ್ ಬಂದಾಗ ಟಿವಿಯ ಹಿಂದೆ ಕೈ ಹಾಕಿ ಹಳದಿಗೆ ಹಳದಿ ಚುಚ್ಚುವುದು ಮಕ್ಕಳಿಗೂ ಅಭ್ಯಾಸವಾಯಿತು. ಅಮೆರಿಕದಲ್ಲಿ 2008ರಲ್ಲಿ ಬಂದ ಮೊದಲ ರೋಕು ಸ್ಟ್ರೀಮಿಂಗ್ ಬಾಕ್ಸಿನ ಹಿಂದೆಯೂ ಈ ಮೂರು ತೂತುಗಳಿದ್ದವು. 2013ರ ಕ್ರೋಮ್‌ಕಾಸ್ಟ್ ಹಾಗೂ ಅದರ ಮರುವರ್ಷ ಅಮೆರಿಕದಲ್ಲೂ 2017ರಲ್ಲಿ ಭಾರತದಲ್ಲೂ ಬಂದ ಫೈರ್ ಟಿವಿ ಸ್ಟಿಕ್ ಅವನ್ನು ಇಟ್ಟುಕೊಳ್ಳಲಿಲ್ಲ. ಎಚ್‌ಡಿಎಂಐ ಮೂತಿ ಬಿಟ್ಟರೆ ಟಿವಿಗೆ ಹಚ್ಚಲು ಅವುಗಳಲ್ಲಿ ಬೇರೇನೂ ಇಲ್ಲ.

ಈ ಎರಡು ಕಾಲಗಳ ನಡುವೆ ಸೇತುವೆಯಾಗುವುದು ಕನ್ವರ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಈ ಡಬ್ಬಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ ಎರಡು ಕಡೆ ಎಡವುತ್ತಾರೆ. ಒಂದು, ದಿಕ್ಕು. ‘ಎಚ್‌ಡಿಎಂಐ ಟು ಎವಿ’ ಮತ್ತು ‘ಎವಿ ಟು ಎಚ್‌ಡಿಎಂಐ’ ನೋಡಲು ಅವಳಿಜವಳಿ. ಬೇಕಾದ್ದು ಮೊದಲನೆಯದು, ಅಂದರೆ ಎಚ್‌ಡಿಎಂಐ ಒಳಗೆ ಹೋಗಿ ಎವಿ ಹೊರಗೆ ಬರುವಂಥದು. ಇನ್ನೊಂದು, ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ಮೂರು ಬಣ್ಣದ ಪಿನ್ನಿರುವ ಬರೀ ವೈರು. ಅಗ್ಗವೆಂದು ಅದನ್ನು ತಂದರೆ ದುಡ್ಡು ನೀರಿಗೆ ಹಾಕಿದಂತೆ. ಎಚ್‌ಡಿಎಂಐಯಲ್ಲಿ ಹರಿಯುವುದು ಸೊನ್ನೆ ಮತ್ತು ಒಂದುಗಳ ಡಿಜಿಟಲ್ ಲೆಕ್ಕ. ಹಳದಿ ವೈರಿನಲ್ಲಿ ಹರಿಯುವುದು ಬೆಳಕು, ಬಣ್ಣ ಎರಡೂ ಬೆರೆತ ಅನಲಾಗ್ ಅಲೆ. ಒಂದನ್ನು ಇನ್ನೊಂದಾಗಿಸಲು ಚಿಪ್ ಬೇಕು, ಚಿಪ್ಪಿಗೆ ಕರೆಂಟು ಬೇಕು. ಹೀಗಾಗಿ ಪೆಟ್ಟಿಗೆ ಟಿವಿಯ ಹಿಂದೆ ಸ್ಟಿಕ್ಕಿಗೊಂದು, ಕನ್ವರ್ಟರಿಗೊಂದು, ಟಿವಿಗೊಂದು, ಒಟ್ಟು ಮೂರು ಪ್ಲಗ್ಗು. ಎಕ್ಸ್‌ಟೆನ್ಷನ್ ಬಾಕ್ಸ್ ಇಲ್ಲದೆ ಆಗದು.

ಕನ್ವರ್ಟರಿನ ಪಕ್ಕದಲ್ಲಿ ಉಗುರಿನಿಂದ ಸರಿಸುವಂಥ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಒಂದು ಕಡೆ ಪಾಲ್, ಇನ್ನೊಂದು ಕಡೆ ಎನ್‌ಟಿಎಸ್‌ಸಿ ಎಂದು ಬರೆದಿರುತ್ತದೆ. ಭಾರತದ ಟಿವಿಗಳದ್ದು ಪಾಲ್ ಪದ್ಧತಿ: 625 ಗೆರೆ, ಅದರಲ್ಲಿ ಕಾಣುವುದು 576, ಸೆಕೆಂಡಿಗೆ 50 ಸಲ ಬಿಡಿಸುವ ಅರ್ಧ ಚಿತ್ರಗಳು. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ ಗೆರೆ ಕಡಿಮೆ, ಸೆಕೆಂಡಿಗೆ ಸುಮಾರು 60 ಸಲ. ಪಾಲ್ ಬಣ್ಣವನ್ನು 4.43 ಮೆಗಾಹರ್ಟ್ಸ್ ಅಲೆಯ ಮೇಲೆ ಕೂರಿಸುತ್ತದೆ, ಎನ್‌ಟಿಎಸ್‌ಸಿ 3.58ರ ಮೇಲೆ. ಸ್ವಿಚ್ ತಪ್ಪು ಕಡೆಗಿದ್ದರೆ ಪಾಲ್ ಮಾತ್ರ ಬಲ್ಲ ಟಿವಿ ತಾನು ಹುಡುಕುವ ಜಾಗದಲ್ಲಿ ಬಣ್ಣ ಕಾಣದೆ ಕಪ್ಪು-ಬಿಳುಪು ತೋರಿಸುತ್ತದೆ. ಲೆಕ್ಕ ತಪ್ಪಿದ ಚಿತ್ರ ಗಿರಣಿಯ ಬೆಲ್ಟಿನಂತೆ ಮೇಲಿಂದ ಕೆಳಕ್ಕೆ ಸುತ್ತುವುದೂ ಉಂಟು. ಟಿವಿ ಕೆಟ್ಟಿತೆಂದು ಹೆದರುವ ಮೊದಲು ಆ ಸ್ವಿಚ್ಚನ್ನು ಸರಿಸಿ ನೋಡುವುದು ಮೇಲು. ಆಮೇಲೆ ಟಿವಿ ರಿಮೋಟಿನ ‘ಎವಿ’ ಗುಂಡಿ ಒತ್ತಬೇಕು. ಒಂದೇ ಸ್ಪೀಕರಿನ ಟಿವಿಯಲ್ಲಿ ಕೆಂಪು ತೂತೇ ಇರುವುದಿಲ್ಲ. ಬಿಳಿಯನ್ನಷ್ಟೇ ಚುಚ್ಚಿದರೆ ಮಾತು ಕೇಳಿಸುತ್ತದೆ, ಬಲಗಡೆಗೆಂದು ಇಟ್ಟ ವಾದ್ಯಗಳು ಕಳೆದುಹೋಗುತ್ತವೆ. ಎರಡನ್ನು ಒಂದು ಮಾಡುವ ವೈ ಆಕಾರದ ಜೋಡಣೆ ಇದಕ್ಕೆ ಸಾಕು.

ಪೆಟ್ಟಿಗೆ ಟಿವಿಯಲ್ಲಿ ಚಿತ್ರದ ಆಕಾರವೇ ಬಗೆಹರಿಯದ ತಂಟೆ. ಸ್ಟಿಕ್ಕಿನ ಚಿತ್ರ 16:9 ಅಳತೆಯದು, ಟಿವಿ 4:3. ಕನ್ವರ್ಟರುಗಳು ಬಹುಪಾಲು ಏನನ್ನೂ ಯೋಚಿಸದೆ ಅಗಲದ ಚಿತ್ರವನ್ನು ಚೌಕಕ್ಕೆ ತುರುಕುತ್ತವೆ. ನಾಯಕ ಬಡಕಲಾಗುತ್ತಾನೆ, ಕ್ರಿಕೆಟ್ ಚೆಂಡು ಮೊಟ್ಟೆಯಾಗುತ್ತದೆ. ಟಿವಿಯ ಮೆನುವಿನಲ್ಲಿ 16:9 ಆಯ್ಕೆ ಇದ್ದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಆಕಾರ ಸರಿಹೋಗುತ್ತದೆ, ಆದರೆ ಚಿತ್ರ ಕುಗ್ಗುತ್ತದೆ. ಮನೆಮನೆಯಲ್ಲಿದ್ದ 21 ಇಂಚಿನ ಟಿವಿಯನ್ನೇ ತೆಗೆದುಕೊಂಡರೆ, ಕಣ್ಣಿಗೆ ಕಾಣುವ ಪರದೆ ಸುಮಾರು 20 ಇಂಚು, ಅಂದರೆ 16 ಇಂಚು ಅಗಲ, 12 ಇಂಚು ಎತ್ತರ. ಅಗಲದ ಚಿತ್ರಕ್ಕೆ ದಕ್ಕುವುದು 9 ಇಂಚು ಎತ್ತರ.

ಇದರಲ್ಲೊಂದು ವಿಚಿತ್ರವೂ ಇದೆ. ರಾಜ್‌ಕುಮಾರ್ ನಾಯಕರಾಗಿ ಬಂದ 1954ರ ‘ಬೇಡರ ಕಣ್ಣಪ್ಪ’ದಂಥ ಹಳೆ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ 4:3. ಪೆಟ್ಟಿಗೆ ಟಿವಿಗೆಂದೇ ಅಳತೆ ಕೊಟ್ಟು ಹೊಲಿಸಿದಂತೆ ಅದು ಕೂರಬೇಕು. ಆದರೆ ಸ್ಟ್ರೀಮಿಂಗ್‌ನಲ್ಲಿ ಅದು ಎಡಬಲಕ್ಕೆ ಕಪ್ಪು ಪಟ್ಟಿ ಹಚ್ಚಿಕೊಂಡು 16:9 ಆಗಿಯೇ ಬರುತ್ತದೆ. ಟಿವಿ ಅದಕ್ಕೆ ಮೇಲೆ ಕೆಳಗೆ ಇನ್ನೆರಡು ಪಟ್ಟಿ ಸೇರಿಸುತ್ತದೆ. ಕೊನೆಗೆ ಸಿನಿಮಾ ಉಳಿಯುವುದು 12 ಇಂಚು ಅಗಲ, 9 ಇಂಚು ಎತ್ತರದಲ್ಲಿ, ಸಾವಿನ ಸುದ್ದಿಯ ಕಾಗದದಂತೆ ನಾಲ್ಕೂ ಕಡೆ ಕಪ್ಪು ಅಂಚು ಕಟ್ಟಿಕೊಂಡು. ಪರದೆಯ ಅರ್ಧಕ್ಕಿಂತ ತುಸು ಹೆಚ್ಚು ಭಾಗಕ್ಕೆ ಮಾತ್ರ ಕೆಲಸ.

ಅಕ್ಷರಗಳದ್ದೂ ಇದೇ ಪಾಡು. ಆ್ಯಪ್‌ಗಳ ಮೆನುವನ್ನು 1080 ಗೆರೆಯ ಪರದೆಗೆಂದು ಬರೆದಿರುತ್ತಾರೆ. ಅದು 576 ಗೆರೆಗೆ ಇಳಿದಾಗ ಸಣ್ಣ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಸಬ್‌ಟೈಟಲ್ಲನ್ನು ದೊಡ್ಡ ಅಳತೆಗೆ ಬದಲಿಸಿಕೊಳ್ಳಬಹುದು. ಪಾಸ್‌ವರ್ಡ್ ಹಾಕುವ, ಲಾಗಿನ್ ಆಗುವ ಕೆಲಸವನ್ನು ಆದಷ್ಟು ಫೋನಿನಲ್ಲಿ ಮುಗಿಸುವುದು ಲೇಸು. ಹೊಸದಾಗಿ ಸ್ಟಿಕ್ ಹೊಂದಿಸುವಾಗ ನೆಂಟರ ಮನೆಯ ಎಚ್‌ಡಿ ಟಿವಿಗೆ ಹಚ್ಚಿ ಎಲ್ಲ ಸಿದ್ಧಮಾಡಿಕೊಂಡು ತಂದರೆ ಮನೆಯಲ್ಲಿ ವೈಫೈ ಪಾಸ್‌ವರ್ಡ್ ಒಂದನ್ನು ಹಾಕಿದರಾಯಿತು.

ಕನ್ವರ್ಟರ್ ಒಂದು ಸುಳ್ಳನ್ನೂ ಹೇಳುತ್ತದೆ. ಸ್ಟಿಕ್ ‘ನೀನು ಯಾವ ಟಿವಿ’ ಎಂದು ಕೇಳಿದಾಗ ಅದು ತನ್ನನ್ನು ಎಚ್‌ಡಿ ಪರದೆಯೆಂದೇ ಪರಿಚಯಿಸಿಕೊಳ್ಳುತ್ತದೆ. ಅದರ ಆಚೆಗಿರುವುದು ಪೆಟ್ಟಿಗೆ ಟಿವಿ ಎಂಬ ಸುಳಿವು ಸ್ಟಿಕ್ಕಿಗಿಲ್ಲ. ಆದ್ದರಿಂದ ಆ್ಯಪ್ ಎಚ್‌ಡಿ ಚಿತ್ರವನ್ನೇ ತರಿಸುತ್ತದೆ, ಕನ್ವರ್ಟರ್ ಅದರ ಬಹುಭಾಗವನ್ನು ಎಸೆಯುತ್ತದೆ. ನೆಟ್‌ಫ್ಲಿಕ್ಸ್ ಹೇಳುವಂತೆ ಸಾಮಾನ್ಯ ಗುಣಮಟ್ಟಕ್ಕೆ ಗಂಟೆಗೆ 1 ಜಿಬಿವರೆಗೆ ಡೇಟಾ ಬೇಕು, ಎಚ್‌ಡಿಗೆ 3 ಜಿಬಿವರೆಗೆ. ಮಿತಿಯಿಲ್ಲದ ಬ್ರಾಡ್‌ಬ್ಯಾಂಡ್ ಇದ್ದವರಿಗೆ ಇದು ತಟ್ಟುವುದಿಲ್ಲ. ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಂಡ ಮನೆಯಲ್ಲಿ ದಿನದ ಡೇಟಾ ಸಿನಿಮಾ ಮಧ್ಯಂತರಕ್ಕೇ ಖಾಲಿ. ಆ್ಯಪ್ ಅಥವಾ ಸ್ಟಿಕ್ಕಿನ ಸೆಟ್ಟಿಂಗಿನಲ್ಲಿ ಡೇಟಾ ಬಳಕೆಯನ್ನು ಕೈಯಾರೆ ಕಡಿಮೆಗೆ ಇಟ್ಟರೆ ಪೆಟ್ಟಿಗೆ ಟಿವಿಯಲ್ಲಿ ಕಣ್ಣಿಗೆ ವ್ಯತ್ಯಾಸವೇ ತಿಳಿಯದು.

ಎಲ್ಲವೂ ಸರಿಯಾಗಿದ್ದು, ಮೆನು, ಯೂಟ್ಯೂಬ್ ಬಂದು, ಹಣ ಕಟ್ಟಿದ ಆ್ಯಪ್ ಮಾತ್ರ ಕಪ್ಪು ಪರದೆ ತೋರಿಸಿದರೆ ಸಾಮಾನ್ಯವಾಗಿ ತಪ್ಪು ಎಚ್‌ಡಿಸಿಪಿಯದು. ನಕಲು ತಡೆಯಲೆಂದು ಇಂಟೆಲ್ ರೂಪಿಸಿದ ಬೀಗ ಇದು. ಸ್ಟಿಕ್ ಪ್ರತಿ ಸಲ ಆಚೆ ತುದಿಯವರ ಗುರುತಿನ ಚೀಟಿ ಕೇಳುತ್ತದೆ. ಚೀಟಿ ಇಲ್ಲದ ಕನ್ವರ್ಟರಿಗೆ ಚಿತ್ರ ಕೊಡುವುದಿಲ್ಲ. ಕೆಲವು ಡಬ್ಬಿಗಳು ಈ ಪರೀಕ್ಷೆ ಪಾಸಾಗುತ್ತವೆ, ಕೆಲವು ಇಲ್ಲ, ಮೇಲ್ನೋಟಕ್ಕೆ ಎರಡೂ ಒಂದೇ. ಹಾಗಾಗಿ ವಾಪಸು ಪಡೆಯುವ ಅಂಗಡಿಯಲ್ಲೇ ಕನ್ವರ್ಟರ್ ಕೊಳ್ಳಬೇಕು.

ಕನ್ವರ್ಟರಿನ ಗೋಜೇ ಬೇಡವೆನ್ನುವವರಿಗೆ ಎವಿ ಹೊರದಾರಿ ಇರುವ ಆಂಡ್ರಾಯ್ಡ್ ಬಾಕ್ಸ್‌ಗಳಿವೆ. ಅವುಗಳ ಹಿಂದೆ ಹೆಡ್‌ಫೋನಿನದ್ದೇ ಅಳತೆಯ 3.5 ಮಿಲಿಮೀಟರ್ ತೂತು ಇರುತ್ತದೆ; ಅಲ್ಲಿಂದ ಮೂರು ಪಿನ್ನಿನ ವೈರು ಹೊರಡುತ್ತದೆ. ಬಾಕ್ಸಿನ ಜೊತೆ ಬಂದ ವೈರು ಕಳೆದು ಬೇರೆ ಹಾಕಿದಾಗ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದು ಚಿತ್ರ ಬಾರದಿದ್ದರೆ, ಆ ವೈರಿನ ಒಳಜೋಡಣೆಯ ಕ್ರಮ ಬೇರೆ ಎಂದರ್ಥ. ಬಣ್ಣ ಮರೆತು ಕೆಂಪು ಅಥವಾ ಬಿಳಿ ಪಿನ್ನನ್ನು ಹಳದಿ ತೂತಿಗೆ ಚುಚ್ಚಿ ನೋಡಿದರೆ ಎಷ್ಟೋ ಸಲ ಚಿತ್ರ ಬಂದುಬಿಡುತ್ತದೆ.

ಆದರೆ ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ಗಳಿಂದ ದೂರವಿರುವುದು ಒಳಿತು. ಅನುಮತಿ ಪಡೆಯದ ಇಂಥ ಸಾಧನಗಳಲ್ಲಿ ಹಣ ಕಟ್ಟುವ ಹಲವು ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ. ಪೆಟ್ಟಿಗೆ ಟಿವಿಗೆ ಅದರಿಂದ ನಷ್ಟವಿಲ್ಲ ಎನ್ನಬಹುದು. ನಷ್ಟ ಬೇರೆ ಕಡೆಯಿದೆ. ಕಾರ್ಖಾನೆಯಲ್ಲೇ ಕಳ್ಳ ತಂತ್ರಾಂಶ ತುಂಬಿ ಬಂದ ಬಾಕ್ಸ್‌ಗಳ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ‘ಬ್ಯಾಡ್‌ಬಾಕ್ಸ್ 2.0’ ಎಂಬ ಆ ಜಾಲಕ್ಕೆ ಸಿಕ್ಕ ಸಾಧನಗಳು 1 ಕೋಟಿಗೂ ಹೆಚ್ಚು ಎಂದು ಗೂಗಲ್ ಹೇಳಿದೆ. ಸೀರಿಯಲ್ ನೋಡಲು ತಂದ ಡಬ್ಬಿ ಮನೆಯ ವೈಫೈಯನ್ನು ಅಪರಿಚಿತರಿಗೆ ಬಾಡಿಗೆಗೆ ಕೊಟ್ಟಿರುತ್ತದೆ.

ಆ್ಯಂಟೆನಾ ತೂತು ಮಾತ್ರ ಇರುವ ಟಿವಿಗೂ ದಾರಿಯಿದೆ. ಸ್ಟಿಕ್ಕಿಗೆ ಕನ್ವರ್ಟರು, ಕನ್ವರ್ಟರಿಗೆ ಆರ್‌ಎಫ್ ಮಾಡ್ಯುಲೇಟರು, ಅಲ್ಲಿಂದ ಆ್ಯಂಟೆನಾ ವೈರು. ಟಿವಿಯಲ್ಲಿ ಚಾನೆಲ್ ಹುಡುಕಿದರೆ ಯಾವುದೋ ಒಂದು ನಂಬರಿನಲ್ಲಿ ಚಿತ್ರ ಸಿಗುತ್ತದೆ. ಆದರೆ ಅಷ್ಟೆಲ್ಲ ಹೊರಟರೆ ಮೂಗಿಗಿಂತ ಮೂಗುತಿಯೇ ಭಾರ. ತಾತನ ಟಿವಿ ಎಂಬ ಮಮತೆ ಇದ್ದವರು ಮಾಡಿಕೊಳ್ಳಬಹುದು. ನೋಡುವ ಸುಖಕ್ಕಾಗಿ ಬೇಡ. ಯಾವ ಮಮತೆಯಿದ್ದರೂ ಪಿಕ್ಚರ್ ಟ್ಯೂಬಿನ ಟಿವಿಯ ಹಿಂಬದಿಯ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಬಾರದು. ಒಳಗೆ ಸಾವಿರಾರು ವೋಲ್ಟಿನ ಒತ್ತಡವಿರುತ್ತದೆ, ಪ್ಲಗ್ಗು ಕಿತ್ತ ಮೇಲೂ ಅದು ಬಹಳ ಹೊತ್ತು ಉಳಿದಿರಬಹುದು.

ಕೊನೆಗೆ ರಿಮೋಟಿನ ಮಾತು. ಸ್ಟಿಕ್ಕಿನ ರಿಮೋಟು ಸಾಮಾನ್ಯವಾಗಿ ಬ್ಲೂಟೂತಿನಲ್ಲಿ ಕೆಲಸ ಮಾಡುವುದರಿಂದ ಸ್ಟಿಕ್ಕು ಟಿವಿಯ ಹಿಂದೆ ಅಡಗಿದ್ದರೂ ಚಿಂತೆಯಿಲ್ಲ. ಟಿವಿ ಆನ್ ಮಾಡಲು, ಧ್ವನಿ ಏರಿಸಲು ಮಾತ್ರ ಬೇರೆ ಏರ್ಪಾಡು ಬೇಕು. ಎಚ್‌ಡಿಎಂಐ ಟಿವಿಗಳಲ್ಲಿ ‘ಸಿಇಸಿ’ ಎಂಬ ಸೌಲಭ್ಯ ಇದಕ್ಕೆ ನೆರವಾಗುತ್ತದೆ. ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಅದಿಲ್ಲದ ಟಿವಿಗಳಿಗೆ ಕೆಲವು ಸ್ಟಿಕ್ ರಿಮೋಟುಗಳು ಟಿವಿ ರಿಮೋಟಿನಂತೆಯೇ ಕಾಣದ ಬೆಳಕಿನ ಸಂಜ್ಞೆ ಕಳಿಸಬಲ್ಲವು. ಪಟ್ಟಿಯಲ್ಲಿ ಟಿವಿಯ ಕಂಪನಿ ಸಿಕ್ಕಿದರೆ ಒಂದೇ ರಿಮೋಟು ಸಾಕಾಗುತ್ತದೆ. ಸಿಗದಿದ್ದರೆ ರಬ್ಬರ್ ಬ್ಯಾಂಡ್ ಸುತ್ತಿದ ಹಳೆ ರಿಮೋಟು ಹೊಸದರ ಪಕ್ಕದಲ್ಲೇ ಉಳಿಯುತ್ತದೆ, ಧ್ವನಿಯ ಎರಡು ಗುಂಡಿಗಾಗಿ.